ರವೆ ಇಡ್ಲಿ, ತುಪ್ಪ ಮತ್ತು ‘ಜುಗ್ಗ’ ಅನ್ನುವ ಮಾತು

ಕಳೆದ ವಾರ ಆಫೀಸ್ ಹತ್ತಿರದ ಒಂದು ಹೋಟೆಲಲ್ಲಿ ಇನ್ನೊಂದು ಸಲ ಚಟ್ನಿ ಕೇಳಿದೆ. ‘ಎಕ್ಸ್‌ಟ್ರಾ ಹತ್ತು ರೂಪಾಯಿ ಆಗುತ್ತೆ ಸಾರ್’ ಅಂದರು. ಮೊದಲು ಕೊಟ್ಟಿದ್ದೇ ಎರಡು ಚಮಚ, ಅದೂ ನೀರು ನೀರು. ದೋಸೆಗೆ ಮಾತ್ರ 110 ರೂಪಾಯಿ. ಪಕ್ಕದಲ್ಲಿದ್ದ ಗೆಳೆಯ ‘ಎಂಥಾ ಜುಗ್ಗರಪ್ಪಾ ಇವರು’ ಅಂದ. ಸರಿಯಾದ ಮಾತೇ ಅಲ್ವಾ?

ಕೆಲವರು ರೇಟು ಕಡಿಮೆ ಇರುವ ಕಡೆಗೂ ಸುಮ್ನೆ ಈ ಮಾತು ಬಳಸುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಅದು ಅಗ್ಗ. ಮನೆಯಲ್ಲಿ ಅಮ್ಮ ಲೆಕ್ಕ ಹಾಕಿ ಖರ್ಚು ಮಾಡಿದರೆ ಅದು ಕೈ ಹಿಡಿತ. ಇದ್ದೂ ಕೊಡದವನು, ಎಂಜಲು ಕೈಯಲ್ಲಿ ಕಾಗೆ ಓಡಿಸದವನು, ಅವನು ಜುಗ್ಗ. ದೊಡ್ಡವರ ಬಾಯಲ್ಲಿ ಜಿಪುಣ, ಹುಬ್ಬಳ್ಳಿ ಕಡೆ ಕಂಜೂಸ್.

ಭಾನುವಾರ ಅದೇ ಗೆಳೆಯನ ಜೊತೆ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ ಹೋಟೆಲ್, ಅಂದರೆ ಎಂಟಿಆರ್‌ಗೆ ಹೋದೆ. ಮುಕ್ಕಾಲು ಗಂಟೆ ಕಾದೆವು. ರವೆ ಇಡ್ಲಿ ಬಂತು, ಮೇಲೆ ಗೋಡಂಬಿ, ಜೊತೆಗೆ ಆಲೂಗಡ್ಡೆ ಸಾಗು, ಹಸಿರು ಚಟ್ನಿ, ಪುಟ್ಟ ಬಟ್ಟಲಲ್ಲಿ ಕರಗಿದ ತುಪ್ಪ. ಬಿಸಿ ಇಡ್ಲಿ ಮುರಿದು ಮೇಲೆ ತುಪ್ಪ ಸುರಿದುಕೊಂಡರೆ ಅಷ್ಟನ್ನೂ ಹೀರಿಕೊಂಡು ಬೆಣ್ಣೆಯ ಹಾಗೆ ಮೆತ್ತಗಾಗುತ್ತದೆ.

ಈ ಇಡ್ಲಿ ಹುಟ್ಟಿದ್ದೇ ಕೊರತೆಯಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗುತ್ತಿರಲಿಲ್ಲ, ಎಂಟಿಆರ್‌ನವರು ರವೆಯಲ್ಲಿ ಮಾಡಿ ನೋಡಿದರು. ನನಗೆ ಇನ್ನೂ ಇಷ್ಟವಾಗುವುದು ತುರ್ತು ಪರಿಸ್ಥಿತಿಯ ಕಥೆ. ತಿಂಡಿಯ ಬೆಲೆ ಇಳಿಸಲೇಬೇಕು ಅಂತ ಸರ್ಕಾರ ಹೇಳಿದಾಗ ತುಪ್ಪ ಕಡಿಮೆ ಮಾಡಿ, ಸಾಗು ತೆಳು ಮಾಡಿ ಹೇಗೋ ನಡೆಸಿಕೊಂಡು ಹೋಗಬಹುದಿತ್ತು, ಆದರೆ ಇವರು ಅದೇ ರುಚಿಯಲ್ಲಿ ನಷ್ಟಕ್ಕೆ ಮಾರಿದರು, ದಿನದ ನಷ್ಟ ಎಷ್ಟು ಅಂತ ಬೋರ್ಡಿನಲ್ಲಿ ಬರೆದು ಹಾಕಿದರು, ಕೊನೆಗೆ ಹೋಟೆಲ್ಲನ್ನೇ ಮುಚ್ಚಿ ಪುಡಿ, ರೆಡಿ ಮಿಕ್ಸ್ ಮಾರಲು ಇಳಿದರು. ಹೋಟೆಲ್ ಮತ್ತೆ ತೆರೆದದ್ದು ಆಮೇಲೆ.

ಎಂಟಿಆರ್ ಅಗ್ಗ ಅಂತ ನಾನು ಹೇಳುವುದಿಲ್ಲ. ಸದ್ದು ಜಾಸ್ತಿ, ನಿಧಾನವಾಗಿ ಕೂತು ಹರಟೆ ಹೊಡೆಯುವ ಜಾಗವೂ ಅಲ್ಲ. ಕೊಟ್ಟ ದುಡ್ಡಿಗೆ ಮಾತ್ರ ಒಂದು ಚೂರೂ ಬೇಜಾರಾಗಲಿಲ್ಲ. ಹೋಗುವವರು ಬೆಳಗ್ಗೆ ಬೇಗ ಹೋಗಿ, ಭಾನುವಾರ ಬೇಡ. ರವೆ ಇಡ್ಲಿ ಆದ ಮೇಲೆ ಕಾಫಿ ಬಿಡಬೇಡಿ.