ಸಾಂಬಾರ್ ಪುಡಿ ಬ್ರಾಂಡಿಗೆ ಟ್ರೇಡ್‌ಮಾರ್ಕೋ, ಕಾಪಿರೈಟೋ?

ಮೊದಲು ಟ್ರೇಡ್‌ಮಾರ್ಕ್, ಅನುಮಾನವೇ ಬೇಡ. ಬರೀ ಹೆಸರಿಗೆ ಕಾಪಿರೈಟ್ ಸಿಗುವುದಿಲ್ಲ; ಅದೇನಿದ್ದರೂ ಲೋಗೋದ ಚಿತ್ರಕ್ಕೆ, ಪ್ಯಾಕೆಟ್ಟಿನ ಕಲೆಗೆ.

ಟ್ರೇಡ್‌ಮಾರ್ಕಿಗೆ ಆನ್‌ಲೈನ್ ಅರ್ಜಿ ಹಾಕಿದರೆ ವರ್ಗವೊಂದಕ್ಕೆ (ಸರಕುಗಳನ್ನು ವಿಂಗಡಿಸಿ ನಂಬರು ಕೊಟ್ಟ ಪಟ್ಟಿಯಲ್ಲಿ ಒಂದು ಗುಂಪು) 4,500 ರೂಪಾಯಿ. ಉದ್ಯಮ್ ಪ್ರಮಾಣಪತ್ರವಿಲ್ಲದ (ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ನೋಂದಾಯಿಸದ) ಕಂಪನಿಗೆ 9,000. ಎಡವುವುದು ವರ್ಗದಲ್ಲಿ: ಮಸಾಲೆ ಪುಡಿ 30, ಉಪ್ಪಿನಕಾಯಿ 29. ಎರಡನ್ನೂ ಮಾರುವವರು ಒಂದಕ್ಕೇ ಕಟ್ಟಿ ಸುಮ್ಮನಾಗುತ್ತಾರೆ. 10 ವರ್ಷಕ್ಕೊಮ್ಮೆ ನವೀಕರಿಸುತ್ತಿದ್ದರೆ ಹಕ್ಕು ಉಳಿಯುತ್ತದೆ.

ಕಾಪಿರೈಟ್ ಚಿತ್ರ ಬರೆದಾಗಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಕಲಾವಿದರ ಜೀವಿತಾವಧಿ, ಅದರ ಮೇಲೆ 60 ವರ್ಷ. ಆದರೆ ಹಕ್ಕು ಯಾರದು? ಹೊರಗಿನ ಡಿಸೈನರ್ ಕೈಲಿ ಮಾಡಿಸಿದ ಲೋಗೋ ಸಾಮಾನ್ಯವಾಗಿ ಅವರದೇ. ದುಡ್ಡು ಕೊಟ್ಟ ಬಿಲ್ಲು ಸಾಲದು, ಅವರ ಸಹಿಯಿರುವ ಹಕ್ಕು ವರ್ಗಾವಣೆ ಪತ್ರ ಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ವರ್ಗಾವಣೆ 5 ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ.