ಮೊಣಕಾಲಿನ ‘ಗ್ಯಾಪ್ ತುಂಬುವ’ ಕೊಲಾಜೆನ್ ಡಬ್ಬಿ: ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಮುಂಬೈ ಸೀಮೆಯ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಸೊಸೈಟಿ ಹಾಲ್‌ಗಳಲ್ಲಿ ಭಾನುವಾರ ‘ಉಚಿತ ಮೂಳೆ ತಪಾಸಣೆ’ ಅಂತ ಬ್ಯಾನರ್ ಕಂಡರೆ ಹುಷಾರು.

ಅಂಥ ಒಂದು ಶಿಬಿರದಲ್ಲಿ 63 ವರ್ಷದ ಕನ್ನಡದ ಹೆಂಗಸೊಬ್ಬರು 12,600 ರೂಪಾಯಿ ಕೊಟ್ಟು ಮೂರು ಡಬ್ಬಿ ಕೊಲಾಜೆನ್ (ಚರ್ಮ, ಮೂಳೆ, ಗಂಟುಗಳಲ್ಲಿರುವ ಪ್ರೋಟೀನ್) ಪುಡಿ ತಂದರು. ಸಕ್ಕರೆ ಕಾಯಿಲೆ ಇದೆ, ಹುಟ್ಟಾ ಸಸ್ಯಾಹಾರಿ. ಮಾರಿದ ಹುಡುಗನೂ ಕನ್ನಡದವನೇ. “ಅಮ್ಮಾ, ಮೂರು ತಿಂಗಳಲ್ಲಿ ಗ್ಯಾಪ್ ತುಂಬ್ತದೆ, ಅಲ್ಲಿವರೆಗೆ ಜಾಸ್ತಿ ನಡೀಬೇಡಿ” ಅಂದನಂತೆ. ಊರಿನ ಮಾತು ಕಿವಿಗೆ ಬಿದ್ದರೆ ಇಲ್ಲಿ ಅರ್ಧ ನಂಬಿಕೆ ಹುಟ್ಟಿಬಿಡುತ್ತದೆ. ಮೂರು ತಿಂಗಳಾದರೂ ನೋವು ಇದ್ದ ಹಾಗೇ ಇತ್ತು. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 7.2ರಿಂದ 8.1ಕ್ಕೆ ಏರಿತ್ತು. ತೊಡೆಯ ಸ್ನಾಯು ಸೊರಗಿ, ಸ್ಟೇಷನ್ ಸೇತುವೆಯ ಮೆಟ್ಟಿಲಿಳಿಯುವಾಗ ಮೊಣಕಾಲು ಕುಸಿಯತೊಡಗಿತ್ತು.

ಮೊದಲ ಮೋಸ ಮೆಷಿನ್ನಿನದು. ಹಿಮ್ಮಡಿಗೆ ಜೆಲ್ ಹಚ್ಚಿ, ಪಾದವನ್ನು ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಒಂದು ಚೀಟಿ ಕೊಡುತ್ತಾರೆ. ಅದು ಅಲ್ಟ್ರಾಸೌಂಡಿನಿಂದ ಹಿಮ್ಮಡಿ ಮೂಳೆಯ ಗಟ್ಟಿತನವನ್ನು ಅಂದಾಜು ಮಾಡುವ ಯಂತ್ರ. ಮೊಣಕಾಲಿನ ಮೃದ್ವಸ್ಥಿ, ಅಂದರೆ ಎಲ್ಲರೂ ಹೇಳುವ ಕಾರ್ಟಿಲೇಜ್, ಮೂಳೆಗಳ ತುದಿಗೆ ಮೆತ್ತೆಯಂತಿರುವ ಪದರ, ಹೇಗಿದೆ ಎಂದು ಅದಕ್ಕೆ ಗೊತ್ತಾಗುವುದೇ ಇಲ್ಲ. ಮೂಳೆ ಟೊಳ್ಳಾಗುವುದು ಬೇರೆ, ಮೃದ್ವಸ್ಥಿ ಸವೆಯುವುದು ಬೇರೆ.

ಆಮೇಲೆ ತೋರಿಸಿದ್ದು ‘ಮೊದಲು–ಆಮೇಲೆ’ ಎಕ್ಸ್-ರೇ ಜೋಡಿ. ಎಕ್ಸ್-ರೇಯಲ್ಲಿ ಮೃದ್ವಸ್ಥಿ ಕಾಣುವುದಿಲ್ಲ, ಎರಡು ಮೂಳೆಗಳ ನಡುವಿನ ಜಾಗ, ಅಂದರೆ ಅವರ ‘ಗ್ಯಾಪ್’, ಮಾತ್ರ ಕಾಣುತ್ತದೆ. ಅದು ಅಗಲವಿದ್ದರೆ ಮೃದ್ವಸ್ಥಿ ದಪ್ಪಗಿದೆ ಎಂದು ಲೆಕ್ಕ. ಸವೆದ ಮೊಣಕಾಲನ್ನು ನಿಂತು ತೆಗೆಸಿದರೆ ಮೈಭಾರಕ್ಕೆ ಆ ಜಾಗ ಕಿರಿದಾಗುತ್ತದೆ, ಅದೇ ಕಾಲನ್ನು ಮಲಗಿಸಿ ತೆಗೆದರೆ ಅಗಲವಾಗಿ ಕಾಣಬಹುದು. ಮೊದಲನೆಯದು ನಿಂತು, ಎರಡನೆಯದು ಮಲಗಿ: ಪುಡಿಯೇ ಬೇಡ, ಗ್ಯಾಪ್ ‘ತುಂಬಿ’ತು! ಫಿಲ್ಮಿನ ಮೂಲೆಯಲ್ಲಿ ‘ಸ್ಟ್ಯಾಂಡಿಂಗ್’ ಎಂದು ಬರೆದಿದೆಯೇ, ಎರಡರ ಮೇಲೂ ಒಂದೇ ಹೆಸರಿದೆಯೇ, ತಾರೀಖು ಹಾಕಿದೆಯೇ ನೋಡಿ.

ಇನ್ನು ಕೊಲಾಜೆನ್ ವಿಚಾರ. ಮೊಣಕಾಲಿನ ಮೃದ್ವಸ್ಥಿಯ ಬಹುಪಾಲು ನೀರು, ಶೇ 65ರಿಂದ 80. ನೀರನ್ನು ಹಿಡಿದಿಡುವುದು ಪ್ರೋಟಿಯೋಗ್ಲೈಕಾನ್ ಎಂಬ ವಸ್ತು. ಅದು ನೀರು ಕುಡಿದು ಉಬ್ಬಿ ಹರಡದಂತೆ ಬಿಗಿಹಿಡಿಯುವುದೇ ಕೊಲಾಜೆನ್ ಎಳೆಗಳ ಜಾಲ, ಅದರಲ್ಲಿ ಶೇ 90ಕ್ಕೂ ಹೆಚ್ಚು 2ನೇ ಬಗೆಯದು. ಮೇಲ್ಪದರದಲ್ಲಿ ಎಳೆಗಳು ಮೇಲ್ಮೈಗೆ ಸಮಾನಾಂತರ, ಆಳದಲ್ಲಿ ನೆಟ್ಟಗೆ ಮೂಳೆಯ ಕಡೆಗೆ. ಸವೆತದ ಶುರುವಿನಲ್ಲಿ ಹರಿಯುವುದು ಈ ಜಾಲ. ಆಗ ಮೃದ್ವಸ್ಥಿ ಒಣಗುವುದಿಲ್ಲ, ನೀರು ಹೆಚ್ಚಾಗಿ ಮೆತ್ತಗಾಗುತ್ತದೆ. ‘ಗಂಟಿನ ಎಣ್ಣೆ ಒಣಗಿದೆ’ ಅನ್ನುವ ಮಾತಿಗೆ ಅರ್ಥವಿಲ್ಲ.

ಹರಿದ ಜಾಲವನ್ನು ದೇಹ ಯಾಕೆ ಹೆಣೆಯುವುದಿಲ್ಲ? ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಜೀವಕೋಶಗಳೂ ತೀರಾ ಕಡಿಮೆ. ದೊಡ್ಡವರಲ್ಲಿ ಈ ಕೊಲಾಜೆನ್ ಎಷ್ಟು ನಿಧಾನವಾಗಿ ಬದಲಾಗುತ್ತದೆ ಎಂದರೆ ಅರ್ಧ ಬದಲಾಗಲು 100 ವರ್ಷಕ್ಕೂ ಹೆಚ್ಚು ಬೇಕೆಂಬ ಅಂದಾಜಿದೆ. ಅದನ್ನು ಮೂರು ಡಬ್ಬಿಯಲ್ಲಿ ಮುಗಿಸುತ್ತಾರಂತೆ. ಕುಡಿದ ಕೊಲಾಜೆನ್ ಹೊಟ್ಟೆ, ಕರುಳಿನಲ್ಲಿ ಅಮೈನೋ ಆಮ್ಲಗಳಾಗಿ, ಎರಡು ಮೂರು ಕೊಂಡಿಯ ಚೂರುಗಳಾಗಿ ಒಡೆದು ರಕ್ತಕ್ಕೆ ಸೇರುತ್ತದೆ. ಅದು ಮೊಣಕಾಲಿಗೇ ಹೋಗಿ ಕೂರುತ್ತದೆ ಎನ್ನುವುದು, ಬೋಳುತಲೆಯವರು ಕೂದಲು ತಿಂದರೆ ಕೂದಲು ಬರುತ್ತದೆ ಅಂದ ಹಾಗೆ.

ಪುಡಿಯಿಂದ ಏನೇನೂ ಆಗುವುದಿಲ್ಲ ಅಂತಲೂ ಅಲ್ಲ. ದಿನಕ್ಕೆ ಸುಮಾರು 10 ಗ್ರಾಂ ಹೈಡ್ರೋಲೈಸ್ಡ್ (ಮೊದಲೇ ಚೂರಾಗಿ ಒಡೆದ) ಕೊಲಾಜೆನ್ ಕೊಟ್ಟು ತಿಂಗಳುಗಟ್ಟಲೆ ನೋಡಿದ ಕೆಲವು ಅಧ್ಯಯನಗಳಲ್ಲಿ ನೋವು ಒಂಚೂರು ತಗ್ಗಿದೆ. ಅವುಗಳಲ್ಲಿ ಹಲವು ಸಣ್ಣವು, ತಯಾರಕರ ದುಡ್ಡಿನಿಂದಲೇ ಆದವು. ಮೃದ್ವಸ್ಥಿ ಮತ್ತೆ ಬೆಳೆಯಿತು ಎಂಬ ಗಟ್ಟಿ ಪುರಾವೆ ಇಲ್ಲ. ಇದೇ ಡಬ್ಬಿಗಳಲ್ಲಿ ಬೆರೆಸುವ ಗ್ಲೂಕೋಸಮೈನ್ ಎಂಬ ಇನ್ನೊಂದು ಸಪ್ಲಿಮೆಂಟನ್ನು ಮೊಣಕಾಲು ಸವೆತಕ್ಕೆ ಬಳಸಬೇಡಿ ಎಂದು ಗಂಟುರೋಗ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2019ರಲ್ಲೇ ಖಡಾಖಂಡಿತವಾಗಿ ಹೇಳಿದೆ.

ಈಗ ಆ ಡಬ್ಬಿಯನ್ನೇ ಕೈಗೆ ತೆಗೆದುಕೊಳ್ಳೋಣ. ಮುಂದೆ ದಪ್ಪಕ್ಷರದಲ್ಲಿ ‘10,000 ಮಿ.ಗ್ರಾಂ’. ಹಿಂದೆ ಸಣ್ಣಕ್ಷರದಲ್ಲಿ ಒಂದು ಚಮಚ 15 ಗ್ರಾಂ, ಅದರಲ್ಲಿ ಕೊಲಾಜೆನ್ 5 ಗ್ರಾಂ. ಮಿಕ್ಕಿದ್ದು ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್, ಸಕ್ಕರೆ, ಮಾವಿನ ಫ್ಲೇವರ್. ಮುಂದಿನ ಅಂಕಿ ಎರಡು ಚಮಚದ ಲೆಕ್ಕ. ಮಾಲ್ಟೋಡೆಕ್ಸ್‌ಟ್ರಿನ್ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ಸಕ್ಕರೆ ಕಾಯಿಲೆಯವರಿಗೆ ದಿನಕ್ಕೆರಡು ಚಮಚ ಅಂದರೆ ಕೇಳಬೇಕೇ? ಮೇಲಾಗಿ ಆ ಹೆಂಗಸು ನಡೆಯುವುದೂ ನಿಂತಿತ್ತು. ಕೊಲಾಜೆನ್ ಪಕ್ಕದಲ್ಲಿ ‘ಟೈಪ್ 1 ಮತ್ತು 3’ ಎಂದಿತ್ತು, ಅವು ಮುಖ್ಯವಾಗಿ ಚರ್ಮದಂಥ ಕಡೆ ಕಾಣುವ ಬಗೆ. ಜೊತೆಗೆ ‘ಅನ್‌ಡಿನೇಚರ್ಡ್ ಟೈಪ್ 2, 40 ಮಿ.ಗ್ರಾಂ’ ಅಂತ ಇನ್ನೊಂದು ಸಾಲು. ಇದಕ್ಕೆ ಬೆಲೆಯಿರುವುದೇ ಅದರ ಮೂಲ ಹೆಣಿಗೆ ಬಿಚ್ಚದೆ ಉಳಿದರೆ, ಬಿಸಿ ತಾಗಿದರೆ ಬಿಚ್ಚಿಹೋಗುತ್ತದೆ. ಕೊಟ್ಟ ಸೂಚನೆ ಏನು ಗೊತ್ತೇ? ಬಿಸಿ ಹಾಲಿಗೆ ಕಲಸಿ ಕುಡಿಯಿರಿ.

ಬೆಲೆಯ ಸ್ಟಿಕ್ಕರ್ ಕಿತ್ತಾಗ ಕೆಳಗೆ ಕಂದು ತ್ರಿಕೋನವಿತ್ತು, ಮಾಂಸಾಹಾರದ ಗುರುತು. ಪದಾರ್ಥ ಪಟ್ಟಿಯಲ್ಲಿ ‘ಮರೀನ್ ಕೊಲಾಜೆನ್’, ಅಂದರೆ ಮೀನಿನ ಚರ್ಮ, ಮುಳ್ಳು. ಗಿಡಗಳಲ್ಲಿ ಕೊಲಾಜೆನ್ ಇರುವುದೇ ಇಲ್ಲ. ದನ, ಹಂದಿ, ಮೀನು, ಕೋಳಿ, ಇವೇ ಮೂಲ. ಹಸಿರು ಚುಕ್ಕೆಯ ‘ವೆಜ್ ಕೊಲಾಜೆನ್’ ಸಾಮಾನ್ಯವಾಗಿ ವಿಟಮಿನ್ ಸಿ, ಅಮೈನೋ ಆಮ್ಲಗಳ ಮಿಶ್ರಣ. ದೇಹ ತಾನೇ ಕೊಲಾಜೆನ್ ಹೆಣೆಯಲು ವಿಟಮಿನ್ ಸಿ ಬೇಕು ನಿಜ, ಅದಕ್ಕೆ ದಿನಕ್ಕೊಂದು ಪೇರಳೆ ಹಣ್ಣು ಸಾಕು. ಪ್ರೋಟೀನ್ ಲೆಕ್ಕದಲ್ಲೂ ಕೊಲಾಜೆನ್ ಅರೆಬರೆ, ಟ್ರಿಪ್ಟೋಫಾನ್ ಎಂಬ ಅಗತ್ಯ ಅಮೈನೋ ಆಮ್ಲ ಅದರಲ್ಲಿಲ್ಲ. ಹೆಸರುಕಾಳು, ಮೊಸರು ಅದಕ್ಕಿಂತ ಮೇಲು.

ಲೇಬಲ್ಲೇ ಇಲ್ಲದ ಪುಡಿ ತಿಂದು ಎರಡು ಮೂರು ದಿನಕ್ಕೇ ನೋವು ಮಾಯವಾದರೆ ಸ್ಟೀರಾಯ್ಡ್ ಬೆರೆತಿರುವ ಅನುಮಾನವಿರಲಿ. ಗಂಟುನೋವಿನ ‘ನೈಸರ್ಗಿಕ’ ಸಪ್ಲಿಮೆಂಟಿನಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸಿಕ್ಕಿದ್ದಕ್ಕೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ಅಂಥದ್ದನ್ನು ತಿಂಗಳುಗಟ್ಟಲೆ ತಿಂದಿದ್ದರೆ ಥಟ್ಟನೆ ನಿಲ್ಲಿಸಬೇಡಿ, ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ.

‘ನಡೀಬೇಡಿ’ ಅಂದದ್ದೇ ಎಲ್ಲಕ್ಕಿಂತ ಕೆಟ್ಟದ್ದು. ರಕ್ತನಾಳವಿಲ್ಲದ ಮೃದ್ವಸ್ಥಿಗೆ ಪೋಷಣೆ ಬರುವುದು ಗಂಟಿನ ದ್ರವದಿಂದ, ಕಾಲು ಆಡಿದಾಗ ಒತ್ತಿ ಬಿಟ್ಟು ಒಳಹೊಕ್ಕು ಹೊರಬರುವ ದ್ರವದಿಂದ. ಮಲಗಿ, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆ ಬಿಗಿಮಾಡಿ 5 ಸೆಕೆಂಡ್ ಒತ್ತಿ ಬಿಡಿ. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಅದು ಸಲೀಸಾದ ಮೇಲೆ ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಕೈ ಕಟಕಟೆಯ ಮೇಲಿರಲಿ. ದಾದರ್ ಸ್ಟೇಷನ್ ಸೇತುವೆಯ ನೂಕುನುಗ್ಗಲಲ್ಲಿ ಇದು ಕಷ್ಟ, ಒಂದು ಲೋಕಲ್ ರೈಲು ಬಿಟ್ಟರೂ ಚಿಂತೆಯಿಲ್ಲ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಹೊರೆ ಕಡಿಮೆ. ಗಂಟು ಕೆಂಪಾಗಿ ಬಿಸಿಯೇರಿ ಊದಿದರೆ, ಜ್ವರ ಬಂದರೆ, ಕಾಲು ಮಡಚಿದಲ್ಲೇ ಸಿಕ್ಕಿಕೊಂಡರೆ ವ್ಯಾಯಾಮ ಬಿಟ್ಟು ಮೂಳೆ ಡಾಕ್ಟರ ಬಳಿ ಹೋಗಬೇಕು.

ಈಗಾಗಲೇ ಕೊಂಡಿದ್ದರೆ ಡಬ್ಬಿ ಎಸೆಯಬೇಡಿ. ಬ್ಯಾಚ್ ನಂಬರ್, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಬಿಲ್, ವಾಟ್ಸಾಪಿನಲ್ಲಿ ಬಂದ ‘ಗ್ಯಾಪ್ ತುಂಬುತ್ತದೆ’ ಎಂಬ ಮೆಸೇಜ್, ಎಲ್ಲದರ ಫೋಟೋ ತೆಗೆದಿಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಆಹಾರದ ದೂರಿಗೆ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್ ಇದೆ. ಬಿಲ್ ಕೊಡದೆ ನಗದು ಮಾತ್ರ ಕೇಳಿದರೆ, ಅಲ್ಲೇ ಎದ್ದು ಬನ್ನಿ.