ರಾಯಚೂರು ಕೋಟೆಗೆ ಯಾವ ಪುಸ್ತಕ ಹಿಡಿದು ಹೋಗಬೇಕು?

ವಿಜಯನಗರದ ಕೃಷ್ಣದೇವರಾಯ ಬಿಜಾಪುರದ ಸುಲ್ತಾನನನ್ನು ಸೋಲಿಸಿದ 1520ರ ರಾಯಚೂರು ಯುದ್ಧವನ್ನು ಕೋಟೆಯ ಮುಂದೆಯೇ ನಿಂತು ಓದುವವರಿಗೆ ಎರಡು ಇಂಗ್ಲಿಷ್ ಪುಸ್ತಕಗಳಿವೆ. ಒಂದು ರಾಬರ್ಟ್ ಸೀವೆಲ್ ಅವರ ‘ಎ ಫರ್ಗಾಟನ್ ಎಂಪೈರ್’ (1900), ಇನ್ನೊಂದು ರಿಚರ್ಡ್ ಈಟನ್ ಮತ್ತು ಫಿಲಿಪ್ ವಾಗೋನರ್ ಅವರ ‘ಪವರ್, ಮೆಮೊರಿ, ಆರ್ಕಿಟೆಕ್ಚರ್’ (2014).

ಸೀವೆಲ್ ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದವರು. ಪುಸ್ತಕದ ಜೀವಾಳ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್‌ನ ಬರಹದ ಅನುವಾದ. ಮುತ್ತಿಗೆಯ ವಿವರಕ್ಕೆ ಇದಕ್ಕೆ ಸಾಟಿಯಿಲ್ಲ. ಕೋಟೆಯೊಳಗೆ 8,000 ಸೈನಿಕರು, 400 ಕುದುರೆ, 20 ಆನೆ, 200 ದೊಡ್ಡ ತೋಪು. ಗೋಡೆಯ ಕಲ್ಲು ಕಿತ್ತು ತಂದವರಿಗೆ ಗಾತ್ರ ನೋಡಿ 10ರಿಂದ 50 ಪಣ. ಮೇಲಿಂದ ಇಣುಕಿದವರನ್ನು ರಾಯನ ಕಡೆಯ ಪೋರ್ಚುಗೀಸ್ ಕೋವಿಗಾರರು ಹೊಡೆದು ಬೀಳಿಸುತ್ತಿದ್ದುದರಿಂದಲೇ ಬುಡದಲ್ಲಿ ಈ ಕೆಲಸ ಸಾಗಿತು.

ಎಡವುವುದು ಅಂಕಿಗಳಲ್ಲಿ. ರಾಯನ ಕಾಲಾಳು 7,03,000 ಎನ್ನುವುದನ್ನು ಯಾರೂ ಎಣಿಸಿದ್ದಲ್ಲ. ನೂನಿಜ್ ಹೇಳುವ ವರ್ಷ 1522. ವಾರ-ತಿಥಿ ತಾಳೆ ಹಾಕಿ 1520ರ ಮೇ 19 ಎಂದು ತಿದ್ದಿದ್ದು ಸೀವೆಲ್, ಹಾಗಾಗಿ ಅಡಿಟಿಪ್ಪಣಿ ಬಿಟ್ಟು ಓದಬಾರದು. ರಾಯಚೂರು ಅಲ್ಲಿ ‘ರಾಚೋಲ್’. ಗೋವೆಯಲ್ಲೂ ಅದೇ ಹೆಸರಿನ ಕೋಟೆಯಿದೆ, ಎರಡನ್ನೂ ಕಲಸಿಕೊಂಡವರು ಬಹಳ. ಮರುಮುದ್ರಣ ಕೊಳ್ಳುವವರು ನಕ್ಷೆ, ಚಿತ್ರಪುಟ ಇವೆಯೇ ಎಂದು ತೆರೆದು ನೋಡಿ.

ಆದರೆ ಯಾವ ಗೋಡೆ ಯಾರದು ಎಂದು ಕೇಳಿದರೆ ನೂನಿಜ್ ಕೈಕೊಡುತ್ತಾನೆ. ಅಲ್ಲಿ ಎರಡನೆಯ ಪುಸ್ತಕ ಬೇಕು. ಒಳಗೋಡೆ ಕಾಕತೀಯರ ಕಾಲದ್ದು, 1294, ಹೊರಸುತ್ತು ಬಹಮನಿಗಳದ್ದು. ಇದು ತಿಳಿದ ಮೇಲೆ ಬುರುಜು ಹತ್ತಿ ಕೆಳಗೆ ಬಗ್ಗಿ ನೋಡಿ. ಎತ್ತರದ ತೋಪಿನ ಬಾಯನ್ನು ಗೋಡೆಯ ಬುಡಕ್ಕೆ ಬಗ್ಗಿಸಲಾಗದು, ಗುಂಡು ತಲೆಯ ಮೇಲಿಂದ ಹಾರಿಹೋಗುತ್ತದೆ. 200 ತೋಪಿದ್ದೂ ಕಲ್ಲು ಕೀಳುವವರನ್ನು ತಡೆಯುವುದು ಏಕೆ ಕಷ್ಟ ಎನ್ನುವುದು ಅಲ್ಲೇ ಕಣ್ಣಿಗೆ ಬೀಳುತ್ತದೆ. ನೌರಂಗಿ ದರ್ವಾಜಾದ ಕೆತ್ತನೆಗಳನ್ನೂ ಈ ಪುಸ್ತಕ ಇಟ್ಟುಕೊಂಡೇ ನೋಡಬೇಕು. ಓದಲು ಸಲೀಸಲ್ಲ, ಬೆಲೆಯೂ ಹಗುರವಲ್ಲ. ಆದರೂ ದುಡ್ಡು ಕೊಟ್ಟು ಕೊಳ್ಳುವುದಾದರೆ ಇದನ್ನೇ. ಸೀವೆಲ್ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ.

ಪಶ್ಚಿಮದ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಶಾಸನದ ಕಲ್ಲಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಜಾನುವಾರು ಎಳೆಯುವ ರೇಖಾಚಿತ್ರವನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಬರೀ ಯುದ್ಧ ಓದಿದವರು ಇದನ್ನು ದಾಟಿ ಹೋಗಿಬಿಡುತ್ತಾರೆ.

ಸೈನಿಕರ ವೇಷ, ಆಯುಧ ಬೇಕಾದವರು ಹಂಪಿಯತ್ತ ತಿರುಗಬೇಕು. ಹಜಾರರಾಮನ ಗುಡಿಯ ಪ್ರಾಕಾರದ ಹೊರಮೈಯಲ್ಲಿ ಕೆಳಗಿನಿಂದ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲುಗಳಿವೆ. ಇದಕ್ಕೆ ಹೊಳಪು ಕಾಗದದ ಫೋಟೊ ಆಲ್ಬಂಗಿಂತ ರೇಖಾಚಿತ್ರದ ಪುಸ್ತಕ ವಾಸಿ. ಬೆಳಕು ನೇರ ಎದುರಿನಿಂದ ಬಿದ್ದ ಫೋಟೊದಲ್ಲಿ ತೆಳು ಉಬ್ಬುಗೆತ್ತನೆ ಚಪ್ಪಟೆಯಾಗಿ, ಕೈಯಲ್ಲಿರುವುದು ಭರ್ಜಿಯೋ ಲಗಾಮೋ ತಿಳಿಯದು. ರೇಖಾಚಿತ್ರಕ್ಕೂ ಒಂದು ಚಾಳಿ: ಸವೆದ ಭಾಗವನ್ನು ಬರೆಯುವವರು ಊಹಿಸಿ ತುಂಬುತ್ತಾರೆ. ಅನುಮಾನವಿದ್ದಲ್ಲಿ ಚುಕ್ಕೆಗೆರೆ ಹಾಕಿದ್ದರೆ ಆ ಪುಸ್ತಕವನ್ನು ನಂಬಬಹುದು. ತಾಳೆ ನೋಡಲು ಗೋಡೆಯ ಮೈಗೆ ಓರೆಬಿಸಿಲು ಬೀಳುವ ಹೊತ್ತು ಒಳ್ಳೆಯದು.

ಮೊಬೈಲಿನಲ್ಲೇ ಓದಿಕೊಳ್ಳುತ್ತೇವೆ ಎನ್ನುವವರಿಗೆ: ರಾಯಚೂರಿನ ಬಿಸಿಲಲ್ಲಿ ಪರದೆ ಕಾಣುವುದಿಲ್ಲ. ಮುತ್ತಿಗೆಯ ಪುಟಗಳಷ್ಟನ್ನು ಜೆರಾಕ್ಸ್ ಮಾಡಿಸಿ ಜೇಬಿನಲ್ಲಿಟ್ಟುಕೊಳ್ಳಿ.